ಅತ್ತಿಗೆಯ ಮೈ, ನನ್ನ ಹೊಟ್ಟೆಕಿಚ್ಚು

ಅವರ ಕೈಬೆರಳುಗಳ ಬುಡದಲ್ಲಿ ಗೆಣ್ಣು ಕಾಣುತ್ತಿರಲಿಲ್ಲ, ಗುಳಿಗಳಿದ್ದವು. ಎಳೆಮಗುವಿನ ಕೈಯಲ್ಲಿ ಇರುತ್ತವಲ್ಲ, ಹಾಗೆ ಸಾಲಾಗಿ ನಾಲ್ಕು. ನನ್ನ ಅತ್ತಿಗೆಯಲ್ಲಿ ನಾನು ಮೊದಲು ಸರಿಯಾಗಿ ನೋಡಿದ್ದು ಆ ಕೈಯನ್ನೇ. ಮದುವೆಯ ಹಿಂದಿನ ದಿನ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ಅವರ ತವರಿನ ಜಗಲಿಯಲ್ಲಿ, ಬಳೆಗಾರನ ಮುಂದೆ ಅದು ಚಾಚಿಕೊಂಡಿತ್ತು.

ಬಳೆಗಾರ ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಅಳತೆಯ ಹಸಿರು ಬಳೆ ತೆಗೆದು, ಕೈಗೆ ಸೋಪು ಹಚ್ಚಿ, ಹಿಸುಕಿ ಹಿಸುಕಿ ಏರಿಸುತ್ತಿದ್ದ. ಒಂದು ಒಡೆಯಿತು. ಮದುಮಗಳ ಕೈಯಲ್ಲಿ ಬಳೆ ಒಡೆದರೆ ಸುತ್ತ ಕೂತ ಹೆಂಗಸರ ಮುಖ ಏನಾಗುತ್ತದೆಂದು ಹೇಳಬೇಕಿಲ್ಲ. ಎರಡನೆಯದೂ ಒಡೆಯಿತು.

"ಕೈ ಬಿಗಿ ಹಿಡೀಬೇಡಮ್ಮ, ಸ್ವಲ್ಪ ಸಡಿಲ ಬಿಡು" ಅಂದ ಬಳೆಗಾರ.

"ಬಿಗಿ ಹಿಡಿದಿಲ್ಲ, ನನ್ನ ಕೈ ಇರೋದೇ ಇಷ್ಟು. ನಿಮ್ಮ ಪೆಟ್ಟಿಗೇಲಿ ದೊಡ್ಡ ಬಳೆ ಇಲ್ಲ ಅಂತ ಹೇಳಿ, ಒಪ್ತೀನಿ. ಕೈಗೆ ಯಾಕೆ ಬಯ್ತೀರಿ? ಗಾಂಧಿ ಬಜಾರಿಗೆ ಹೋಗಿ ತನ್ನಿ. ನಾನು ಇಲ್ಲೇ ಕೂತಿರ್ತೀನಿ, ಎಲ್ಲೂ ಓಡಿಹೋಗಲ್ಲ."

ಬಳೆಗಾರ ಸೈಕಲ್ ಹತ್ತಿ ಹೋದ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಎಲ್ಲರೂ ಒಂದು ಗಂಟೆ ಕಾದೆವು. ಮದುಮಗಳು ಅಷ್ಟು ಹೊತ್ತೂ ಗೋಡೆಗೆ ಒರಗಿ, ತಂಗಿಯ ತಟ್ಟೆಯಿಂದ ಚಕ್ಕುಲಿ ಮುರಿದುಕೊಂಡು ತಿನ್ನುತ್ತ ಕೂತಿದ್ದರು. ನನ್ನ ಕೈಯೂ ದಪ್ಪವೇ. ಪ್ರತಿ ಗೌರಿ ಹಬ್ಬಕ್ಕೂ ನನಗೆ ಬಳೆ ತೊಡಿಸುವಾಗ ಮುಂಗೈ ತರಚಿ ರಕ್ತ ಬರುತ್ತಿತ್ತು, ನಾನೇ "ಪರವಾಗಿಲ್ಲ, ಏರಿಸಿ" ಅನ್ನುತ್ತಿದ್ದೆ. ಬಳೆಯದ್ದೂ ತಪ್ಪಿರಬಹುದು ಎಂದು ನನಗೆ ಅಲ್ಲಿವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಖುಷಿಯಾಗಬೇಕಿತ್ತು. ಆಗಿದ್ದು ಹೊಟ್ಟೆಕಿಚ್ಚು. ಅದು ಅವತ್ತಿನಿಂದ ನನ್ನ ಜೊತೆಗೇ ಇದೆ. ಅವರ ಬಗ್ಗೆ ಬರೆಯುವಾಗ ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ನಮ್ಮದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡು ಇಳಿಸಿದ ಒಂದು ಚಾಚು. ಅಪ್ಪ ಹೆಬ್ಬೆಟ್ಟಿನವರು, ಕುಲುಮೆ ಹತ್ತಿರ ಕೆಲಸ. ಅಣ್ಣ ಹತ್ತನೇ ತರಗತಿ ಮುಗಿಸಿ ಅದೇ ಕಾರ್ಖಾನೆಗೆ ಸೇರಿದ. ನಾನು ದಿನಾ ಬಸ್ಸಿನಲ್ಲಿ ನಿಂತು ಶಿವಮೊಗ್ಗಕ್ಕೆ ಹೋಗಿ ಬಿ.ಎ. ಮಾಡಿದೆ. ನಮ್ಮ ಎರಡೂ ಕಡೆಯ ಸಂಬಂಧಿಕರಲ್ಲಿ ಗಂಡಸರನ್ನೂ ಸೇರಿಸಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳುವಾಗ ನನಗೆ ಈಗಲೂ ಸಂಕೋಚವಿಲ್ಲ. ಆ ಡಿಗ್ರಿಗೆ ನಾನು ಪಟ್ಟ ಪಾಡು ನನಗೆ ಗೊತ್ತು.

ಅತ್ತಿಗೆಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಎರಡು ಸಲ ಕಟ್ಟಿ ಬಿಟ್ಟಿದ್ದರು. ಹಾಗಿದ್ದೂ ಅವರು ಬಂದ ಆರು ತಿಂಗಳಿಗೆ ನಮ್ಮ ಮನೆಗೆ ಜನ ಬರುತ್ತಿದ್ದದ್ದು ಅವರನ್ನು ಹುಡುಕಿಕೊಂಡು. ನಾನು ಪುಸ್ತಕ ಹಿಡಿದು ಬಾಗಿಲಲ್ಲೇ ಕೂತಿದ್ದರೂ, "ನಿಮ್ಮತ್ತಿಗೆ ಇಲ್ವಾ?" ಎಂದು ಕೇಳಿ ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ಪಕ್ಕದ ಮನೆಯ ತಮಿಳಿನ ಅಜ್ಜಿಗೆ ಕನ್ನಡ ಅರ್ಧಂಬರ್ಧ, ಅತ್ತಿಗೆಗೆ ತಮಿಳು ಬರುತ್ತಲೇ ಇರಲಿಲ್ಲ. ಇಬ್ಬರೂ ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರು.

ಅವರು ಮನೆಯಲ್ಲಿ ಎಲ್ಲರಿಗಿಂತ ದಪ್ಪ. ಅಣ್ಣ ಕಡ್ಡಿ. ಸೈಕಲ್ಲಿನಲ್ಲಿ ಅಣ್ಣ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಬೀದಿಯ ಹೆಂಗಸರು ನಗುತ್ತಿದ್ದರು. ಏರು ಬಂದಾಗ ಅತ್ತಿಗೆ ಇಳಿದು, ಅಣ್ಣನನ್ನೇ ಕೂರಿಸಿ ತಳ್ಳುತ್ತಿದ್ದರು ಎಂದು ಯಾರೋ ಕತೆ ಕಟ್ಟಿದರು. ಅದನ್ನು ಕೇಳಿ ಅವರು, "ಕತೆ ಅಲ್ಲ, ಒಂದು ಸಲ ತಳ್ಳಿದೀನಿ" ಅಂದರು. ಯಾರದಾದರೂ ಮನೆಯ ಕಾರ್ಯಕ್ಕೆ ಹೋದರೆ ಪ್ಲಾಸ್ಟಿಕ್ ಕುರ್ಚಿ ಒತ್ತಿ ನೋಡಿ, "ಇದು ನನ್ನ ತಡೆಯಲ್ಲ. ಮರದ್ದೊಂದು ಇದ್ರೆ ಕೊಡಿ" ಎಂದು ಕೇಳಿ ಕೂರುತ್ತಿದ್ದರು. ಅದೇ ಮನೆಯಲ್ಲಿ ನಾನು, ಕುರ್ಚಿ ಮುರಿದೀತೆಂಬ ಭಯಕ್ಕೆ, "ಇಲ್ಲ ಇಲ್ಲ, ಕೂತು ಕೂತು ಸಾಕಾಗಿದೆ" ಎಂದು ಎರಡು ಗಂಟೆ ಗೋಡೆಗೆ ಅಂಟಿಕೊಂಡು ನಿಂತಿರುತ್ತಿದ್ದೆ.

ದಪ್ಪ ಇದ್ದವರು ಕೂತಲ್ಲೇ ಕೂತಿರುತ್ತಾರೆ ಎಂದು ತಿಳಿದವರು ಅವರನ್ನು ನೋಡಬೇಕಿತ್ತು. ಬೆಳಿಗ್ಗೆ ಕಾರ್ಖಾನೆಯ ಸೈರನ್‌ಗೆ ಮುಂಚೆ ಬೀದಿ ನಲ್ಲಿಯಿಂದ ಸೊಂಟಕ್ಕೊಂದು, ಕೈಗೊಂದು ಕೊಡ. ಸಂತೆಗೆ ನ್ಯೂಟೌನಿನಿಂದ ಹಳೇನಗರದವರೆಗೆ ನಡಿಗೆ, ಬರುವಾಗ ಎರಡು ಚೀಲ. ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದರೆ ಸೀರೆ ಎತ್ತಿ ಕಟ್ಟಿ ನಾಲ್ಕು ಮನೆ ದಾಟಿಯೇ ಬರುತ್ತಿದ್ದರು. ಊಟಕ್ಕೆ ಕೂತರೆ ಮುದ್ದೆ, ಸೊಪ್ಪಿನ ಸಾರು, ಆಮೇಲೆ ಅನ್ನ ಮಜ್ಜಿಗೆ. ಹೊಟ್ಟೆ ತುಂಬಿದಾಗ ಏಳುತ್ತಿದ್ದರು. ನಾನು ಎಲ್ಲರೆದುರು ಅರ್ಧ ಮುದ್ದೆ ತಿಂದು ಎದ್ದು, ಆಮೇಲೆ ಡಬ್ಬಿಯಿಂದ ಬೆಲ್ಲ ಕದ್ದು ತಿನ್ನುತ್ತಿದ್ದೆ. ಡಬ್ಬಿಯ ಮುಚ್ಚಳ ಸದ್ದಾದರೂ ಅವರು ತಿರುಗಿ ನೋಡುತ್ತಿರಲಿಲ್ಲ. ನೋಡದೆ ಇರುವುದೂ ನನಗೆ ಸಿಟ್ಟು ತರಿಸುತ್ತಿತ್ತು.

ಅಮ್ಮ ಚಿಕ್ಕಂದಿನಿಂದ ನನಗೆ ಹೇಳಿದ್ದು ಒಂದೇ ಮಾತು. "ನೀನು ಸ್ವಲ್ಪ ಇಳೀಬೇಕು ಕಣೆ." ಅತ್ತಿಗೆಗೆ ಅಮ್ಮ ಆ ಮಾತನ್ನು ಒಂದು ದಿನವೂ ಹೇಳಲಿಲ್ಲ. ಹೇಳಿದರೆ ಆ ಕಡೆಯಿಂದ ಏನಾದರೊಂದು ತಿರುಗಿ ಬರುತ್ತದೆಂದು ಗೊತ್ತಿತ್ತು.

ನನ್ನನ್ನು ನೋಡಲು ಗಂಡಿನವರು ಬರತೊಡಗಿದರು. ಮೊದಲು ಬಂದವರಲ್ಲಿ ಹುಡುಗನ ಸೋದರತ್ತೆ ಒಬ್ಬರಿದ್ದರು. ಉಪ್ಪಿಟ್ಟು ತಿನ್ನುತ್ತ ನನ್ನನ್ನೂ, ತಟ್ಟೆ ಹಿಡಿದು ನಿಂತ ಅತ್ತಿಗೆಯನ್ನೂ ನೋಡಿ, "ಈ ಮನೇಲಿ ಎಲ್ಲರಿಗೂ ಊಟ ಚೆನ್ನಾಗಿ ಹತ್ತುತ್ತೆ ಅಂತ ಕಾಣುತ್ತೆ" ಅಂದರು.

"ಹೌದಮ್ಮ, ಹತ್ತುತ್ತೆ. ನಿಮಗೂ ಹತ್ತಿದೆ, ಇನ್ನೊಂದು ಸೌಟು ಹಾಕ್ಲಾ?" ಅಂದರು ಅತ್ತಿಗೆ.

ಅಪ್ಪ ಕೂಡ ನಕ್ಕರು. ಆ ಸಂಬಂಧ ಆಗಲಿಲ್ಲ. "ಹುಡುಗಿ ಓದಿದಾಳೆ ಸರಿ, ಸ್ವಲ್ಪ ಭಾರ" ಎಂದು ಹೇಳಿ ಕಳಿಸಿದರಂತೆ. ಮೂರು ವರ್ಷ ಬಸ್ಸಿನಲ್ಲಿ ನಿಂತು ತಂದ ಡಿಗ್ರಿ ಒಂದು ಕಡೆ, ನನ್ನ ಸೊಂಟ ಒಂದು ಕಡೆ. ತಕ್ಕಡಿ ಸೊಂಟದ ಕಡೆಗೇ ವಾಲಿತು. ಆ ಸಿಟ್ಟನ್ನು ಆ ಸೋದರತ್ತೆಯ ಮೇಲೆ ತೀರಿಸಿಕೊಳ್ಳಬೇಕಿತ್ತು. ನಾನು ಅಮ್ಮನ ಹತ್ತಿರ ಹೋಗಿ, ಮುಂದಿನ ಸಲ ಯಾರಾದರೂ ಬಂದಾಗ ಅತ್ತಿಗೆ ಮನೆಯಲ್ಲಿರುವುದು ಬೇಡ ಅಂದೆ. "ಅವರನ್ನು ನೋಡಿ ನಾನೂ ಹಾಗೇ ಆಗ್ತೀನಿ ಅಂದ್ಕೋತಾರೆ" ಅಂದೆ. ಗೋಡೆಯ ಆ ಕಡೆ ಅತ್ತಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಜರಡಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಮುಂದಿನ ಗಂಡು ಬರುವ ದಿನ ಅವರು ಬೆಳಿಗ್ಗೆಯೇ ಚೀಲ ಹಿಡಿದು ಹೊರಟರು. "ತವರಿಗೆ ಹೋಗಿ ಎಷ್ಟು ದಿನ ಆಯ್ತು. ಹತ್ತೂವರೆ ಬಸ್ಸಿಗೆ ಹೋಗ್ತೀನಿ, ಸಂಜೆ ಬರ್ತೀನಿ" ಎಂದು ಅಮ್ಮನಿಗೆ ಹೇಳಿದರು. ನನ್ನ ಹತ್ತಿರ ಬಂದು ಸೆರಗಿನ ಪಿನ್ನು ಸರಿಮಾಡಿದರು. "ಉಸಿರು ಬಿಗಿಹಿಡಿದು ಕೂರಬೇಡ ಮಾರಾಯ್ತಿ, ಮಾತಾಡೋಕಾಗಲ್ಲ" ಅಂದರು, ಅಷ್ಟೆ. ಬಂದವರಿಗೆ ಅತ್ತಿಗೆ ಕಾಣಲಿಲ್ಲ, ನಾನು ಕಂಡೆ. ಅವರೂ ಬೇಡ ಅಂದರು. ಸಂಜೆ ಅತ್ತಿಗೆ ಸೀಬೆಹಣ್ಣು ಹಿಡಿದು ಬಂದು, ಏನಾಯಿತೆಂದು ಕೇಳದೆ, ಉಪ್ಪು ಖಾರ ಹಚ್ಚಿ ನನ್ನ ಮುಂದೆ ಇಟ್ಟರು.

ಮದುವೆಯ ಮಾತು ಹಾಗೇ ನಿಂತಿರುವಾಗ ನನಗೆ ಕೆಲಸದ ಆರ್ಡರ್ ಬಂತು. ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಮೂರು ವಾರದೊಳಗೆ ವೈದ್ಯರಿಂದ ದೇಹದಾರ್ಢ್ಯದ ಸರ್ಟಿಫಿಕೇಟ್ ತಂದು ಸೇರಬೇಕು. ಸೇರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಸರ್ಕಾರಿ ಕೆಲಸ ಕಂಡವರಲ್ಲ. ಆ ಸರ್ಟಿಫಿಕೇಟ್ ಎಂದರೇನೆಂದು ಕೇಳೋಣವೆಂದರೆ ಗೊತ್ತಿದ್ದವನು ಒಬ್ಬನೇ, ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನ ಹುಡುಗ. ಅವನು ಪೊಲೀಸ್ ಆಯ್ಕೆಗೆ ಹೋಗಿ, ಮೈಕಟ್ಟು ಸಾಲದೆಂದು ವಾಪಸ್ ಬಂದಿದ್ದ.

"ತೂಕ ನೋಡ್ತಾರೆ, ಎತ್ತರ ನೋಡ್ತಾರೆ. ಸ್ವಲ್ಪ ಆಕಡೆ ಈಕಡೆ ಆದ್ರೂ ಅನ್‌ಫಿಟ್. ಮುಲಾಜೇ ಇಲ್ಲ ಅಕ್ಕ" ಅಂದ.

ನಾನು ಅದನ್ನು ವೇದವಾಕ್ಯದಂತೆ ನಂಬಿದೆ. ಪೊಲೀಸಿನ ಲೆಕ್ಕ ಬೇರೆ, ಗುಮಾಸ್ತರ ಲೆಕ್ಕ ಬೇರೆ ಎಂದು ಹೇಳುವವರು ನಮ್ಮ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಅವತ್ತಿನಿಂದ ಊಟ ಬಿಟ್ಟೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಒಂದು ಸೌತೆಕಾಯಿ, ರಾತ್ರಿ ಮತ್ತೆ ನೀರು. ಐದನೇ ದಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ಇಳಿಯುತ್ತಿದ್ದೇನೆಂದು ಸಂತೋಷಪಟ್ಟೆ.

ಅದಾದ ಮೇಲೂ ಅತ್ತಿಗೆ ಎರಡು ದಿನ ನೋಡಿದರು. ಮೂರನೇ ದಿನ ತಟ್ಟೆ ತಂದು ಇಟ್ಟರು. "ಹೊಟ್ಟೆಗೆ ಹಾಕದೆ ಡಾಕ್ಟರ ಹತ್ರ ಹೋದ್ರೆ ಅವರು ನೋಡೋದು ಏನನ್ನ? ಹಸಿವನ್ನಾ?"

"ತಗೊಂಡು ಹೋಗಿ ಅತ್ತಿಗೆ."

"ಒಂದು ರೊಟ್ಟಿ."

"ನಿಮ್ಮ ಥರ ಆಗೋಕೆ ನಾನು ಡಿಗ್ರಿ ಮಾಡಿಲ್ಲ" ಅಂದೆ.

ಅವರು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ಎದ್ದರು. "ಡಿಗ್ರಿ ಮಾಡಿ ನಿನ್ನ ಥರ ಆಗೋದಾದ್ರೆ ನನಗೂ ಬೇಡ" ಎಂದು ಹೇಳಬಹುದಿತ್ತು. ಅವರಿಗೆ ಮಾತಿಗೇನೂ ಬರವಿರಲಿಲ್ಲ. ಹೇಳಲಿಲ್ಲ.

ಹನ್ನೆರಡನೇ ದಿನ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕಿತ್ತು. ಅಪ್ಪ, ಅಣ್ಣ ಇಬ್ಬರೂ ಪಾಳಿಯಲ್ಲಿ. ಅಮ್ಮನಿಗೆ ಮಂಡಿನೋವು. ಜೊತೆಗೆ ಬಂದದ್ದು ಅತ್ತಿಗೆಯೇ. ಅವರ ಜೊತೆ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತೆ. ಹಾಗೆ ನಿಂತದ್ದಷ್ಟೇ ನೆನಪಿದೆ. ಕಣ್ಣು ಬಿಟ್ಟಾಗ ನನ್ನ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ಅದರಷ್ಟು ಮೆತ್ತಗಿನ ಜಾಗ ಆ ಆಸ್ಪತ್ರೆಯಲ್ಲಿ ಇನ್ನೊಂದಿರಲಿಲ್ಲ ಎಂದು ಈಗ ಹೇಳಬಲ್ಲೆ.

ವೈದ್ಯೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಿಪಿ ನೋಡಿದರು, ರಕ್ತ ತೆಗೆಸಿದರು. "ಎಷ್ಟು ದಿನದಿಂದ ಊಟ ಬಿಟ್ಟಿದೀಯ?" ಎಂದು ಕೇಳಿದರು.

ಅತ್ತಿಗೆ, "ಹನ್ನೆರಡು ದಿನ ಮೇಡಂ. ತೂಕ ಜಾಸ್ತಿ ಆದ್ರೆ ಕೆಲಸ ಕೊಡಲ್ಲ ಅಂದ್ಕೊಂಡಿದಾಳೆ" ಅಂದರು.

"ಗುಮಾಸ್ತರ ಕೆಲಸಕ್ಕೆ ತೂಕ ಯಾರು ಕೇಳ್ತಾರಮ್ಮ? ಕಣ್ಣು, ಕಿವಿ, ಬಿಪಿ, ಸಕ್ಕರೆ, ರಕ್ತ, ಇಷ್ಟು ಸರಿ ಇದ್ರೆ ಸಾಕು. ನೀನು ಊಟ ಬಿಡದೆ ಹಾಗೇ ಬಂದಿದ್ರೆ ಈಗಲೇ ಬರೆದುಕೊಡ್ತಿದ್ದೆ. ಇವತ್ತು ಬರೆಯೋಕಾಗಲ್ಲ. ಒಂದು ವಾರ ಊಟ ಮಾಡ್ಕೊಂಡು ಬಾ." ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನೀವು ಯಾವತ್ತಾದ್ರೂ ತೋರಿಸಿದೀರಾ?" ಎಂದು ಕೇಳಿ ಅವರ ತೋಳಿಗೂ ಪಟ್ಟಿ ಸುತ್ತಿದರು. ಸಕ್ಕರೆಗೂ ಬರೆದರು. ಮಧ್ಯಾಹ್ನ ಬಂದ ಚೀಟಿಯಲ್ಲಿ ಅವರದ್ದೆಲ್ಲ ಸರಿಯಾಗಿತ್ತು. ವೈದ್ಯೆ ಎರಡೆರಡು ಸಲ ನೋಡಿ, "ಏನು ಮಾಡ್ತೀರಿ ದಿನಾ?" ಅಂದರು.

"ಏನಿಲ್ಲ ಮೇಡಂ. ನೀರು ತರ್ತೀನಿ, ಸಂತೆಗೆ ನಡೀತೀನಿ, ಹಸಿವಾದಾಗ ತಿಂತೀನಿ, ಮಲಗಿದ್ರೆ ನಿದ್ದೆ ಬರುತ್ತೆ."

"ಹಾಗೇ ಇರಿ. ವರ್ಷಕ್ಕೊಂದು ಸಲ ತೋರಿಸ್ಕೊಳ್ಳಿ."

ನನ್ನ ಕೆಲಸ ಕೈತಪ್ಪುವ ಹೊತ್ತಿನಲ್ಲಿ, ನನಗಿಂತ ಅಷ್ಟು ದಪ್ಪದ ಹೆಂಗಸಿಗೆ ವೈದ್ಯರಿಂದ ಶಹಬ್ಬಾಸ್. ಬಸ್ ಸ್ಟ್ಯಾಂಡಿನವರೆಗೆ ನಾನು ಅವರ ಮುಖ ನೋಡಲಿಲ್ಲ. ಆ ಚೀಟಿಯನ್ನು ಕಿತ್ತು ಹರಿದುಹಾಕಬೇಕೆನ್ನಿಸಿತು. ಪರೀಕ್ಷೆಯಲ್ಲಿ ಅವರು ಪಾಸು, ನಾನು ಫೇಲು. ಅದೂ ಒಂದೇ ದಿನ, ಒಂದೇ ಮೇಜಿನ ಮುಂದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರು ನನ್ನೆದುರು ಎರಡು ಇಡ್ಲಿ ಇಟ್ಟು, ತಾವೂ ಎರಡು ಇಟ್ಟುಕೊಂಡು, "ಬಯ್ಯೋದಿದ್ರೆ ತಿಂದು ಬಯ್ಯಿ. ಈಗ ನಿನ್ನ ಧ್ವನಿ ನನಗೆ ಕೇಳಿಸ್ತಾನೇ ಇಲ್ಲ" ಅಂದರು. ನಾನು ಅಳುತ್ತ ತಿಂದೆ.

ಆ ಒಂದು ವಾರ ಅವರು ನನ್ನನ್ನು ಬಿಡಲಿಲ್ಲ. ನುಗ್ಗೆಸೊಪ್ಪು, ಹುರುಳಿಕಟ್ಟು, ಶೇಂಗಾ, ಬೆಲ್ಲ. ಡಬ್ಬಿಯನ್ನು ತಾವೇ ತೆರೆದು ನನ್ನ ಕೈಗೆ ಕೊಟ್ಟು, "ಇಲ್ಲೇ ತಿನ್ನು, ಬೆಳಕಲ್ಲಿ" ಅಂದರು. ಆಗ ಗೊತ್ತಾಯಿತು, ಅಷ್ಟು ವರ್ಷ ಮುಚ್ಚಳದ ಸದ್ದು ಅವರಿಗೆ ಕೇಳಿಸುತ್ತಿತ್ತು. ಎರಡು ದಿನ ಕಳೆದು ಕಾಲಿಗೆ ಶಕ್ತಿ ಬಂದ ಮೇಲೆ ಬೆಳಿಗ್ಗೆ ಹೊಳೆಯ ಸೇತುವೆವರೆಗೆ ನಡೆಸಿಕೊಂಡು ಹೋದರು. ಮೊದಲನೇ ಪಾಳಿಗೆ ಹೊರಟ ಹುಡುಗರ ಗುಂಪೊಂದು ನಮ್ಮಿಬ್ಬರನ್ನು ನೋಡಿ, "ಲಾರಿ ಬಂತು ದಾರಿ ಬಿಡ್ರೋ, ಹಿಂದೆ ಟೆಂಪೊ" ಎಂದು ಕೂಗಿತು. ನನಗೆ ಹೊಳೆಗೆ ಹಾರೋಣ ಅನ್ನಿಸಿತು.

ಅತ್ತಿಗೆ ನಿಂತು, "ಲೋಡ್ ಇದೆ ಕಣ್ರಪ್ಪ, ಬ್ರೇಕ್ ಹಿಡಿಯಲ್ಲ. ಈಕಡೆ ಬನ್ನಿ" ಅಂದರು. ಹುಡುಗರು ನಗುತ್ತ ಸೈಕಲ್ ಪಕ್ಕಕ್ಕೆ ತೆಗೆದರು. ಒಬ್ಬ ನಮಸ್ಕಾರ ಅಂದ. ಅವನ ತಾಯಿ ನಮ್ಮ ಸಾಲಿನವರೇ.

"ನಿಮಗೆ ಬೇಜಾರಾಗಲ್ವಾ?" ಎಂದು ಕೇಳಿದೆ. ಅವರು ಬಂದ ಮೂರು ವರ್ಷಕ್ಕೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಆಗುತ್ತೆ. ಆದ್ರೆ ಈ ಮೈ ಬಿಟ್ಟು ಎಲ್ಲಿಗೆ ಹೋಗ್ಲಿ? ಇದೇ ನೀರು ಹೊರೋದು, ಇದೇ ನಡೆಯೋದು. ನಾನೇ ಇದನ್ನ ಬಯ್ದರೆ ಇದರ ಕಡೆ ಮಾತಾಡೋರು ಯಾರು?"

ವಾರದ ಮೇಲೆ ವೈದ್ಯೆ ಬರೆದುಕೊಟ್ಟರು. ಸೇರುವ ಗಡುವಿಗೆ ಇನ್ನೂ ಎರಡು ದಿನವಿತ್ತು. ಆ ಸಹಿಯ ಮೇಲೆ ನನ್ನ ಇಡೀ ಬದುಕು ನಿಂತಿದೆ. ಕೆಲಸ, ಅದರಿಂದ ಮದುವೆ, ಮನೆ, ಮಕ್ಕಳ ಓದು, ಎಲ್ಲ. ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಾವು ಯಾರ ಋಣದಲ್ಲಿದ್ದೇವೋ ಅವರ ಮೇಲಿನ ಹೊಟ್ಟೆಕಿಚ್ಚು ಇನ್ನೂ ಕೆಟ್ಟದ್ದು. ಕಚೇರಿಯಲ್ಲಿ ನಾನು ಫೈಲನ್ನು ಹೊಟ್ಟೆಗೆ ಅಡ್ಡ ಹಿಡಿದೇ ಓಡಾಡಿದೆ. ಕಲಿಸಿದ್ದು ತಲೆಗೆ ಹೋಯಿತು, ಮೈಗೆ ಹೋಗಲಿಲ್ಲ. ಅವರಿಗೆ ಅದು ಹೇಗೆ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಪ್ರತಿ ಹಬ್ಬಕ್ಕೆ ಭದ್ರಾವತಿಗೆ ಹೋದಾಗಲೂ ಅವರನ್ನು ನೋಡಿ ಒಳಗೊಳಗೇ ಉರಿಯುತ್ತಿದ್ದೆ.

ಏಳೆಂಟು ವರ್ಷ ಕಳೆದ ಮೇಲೆ ಒಂದು ದೀಪಾವಳಿಗೆ ಹೋದಾಗ ಅತ್ತಿಗೆ ಇಳಿದಿದ್ದರು. ಕೆನ್ನೆ ಸಪೂರವಾಗಿತ್ತು. ಸಾಲಿನ ಹೆಂಗಸರೆಲ್ಲ ಹೊಗಳುವವರೇ. "ಈಗ ನೋಡು ಎಷ್ಟು ಲಕ್ಷಣ", "ಹತ್ತು ವರ್ಷ ಚಿಕ್ಕೋರಾದ್ರಿ". ಅಮ್ಮನೂ, "ಅಂತೂ ನಮ್ಮ ಸೊಸೆ ಇಳಿದಳು" ಅಂದರು. ಯುಗಾದಿಗೆ ಇನ್ನೂ ಇಳಿದಿದ್ದರು. ನಾನು ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ಹೋಗಿ, "ಏನು ಮಾಡ್ತಿದೀರಿ ಅತ್ತಿಗೆ? ನನಗೂ ಸ್ವಲ್ಪ ಹೇಳಿಕೊಡಿ" ಅಂದೆ. ನನ್ನ ಧ್ವನಿ ನನಗೇ ಕೇಳಿಸಿತು. ಅದು ತಮಾಷೆಯಲ್ಲ. ಇದನ್ನೂ ಇವರೇ ಮೊದಲು ಗೆದ್ದರು ಎಂಬ ಉರಿ.

"ಊಟ ಸೇರ್ತಿಲ್ಲ ಕಣೆ" ಅಂದರು. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಜಠರದಲ್ಲಿ ಗಂಟಿತ್ತು. ಮಂಗಳೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ವೈದ್ಯರು ಅಣ್ಣನನ್ನು, ಯಾವಾಗಿನಿಂದ ಇಳಿಯುತ್ತಿದ್ದಾರೆ, ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. "ಎಲ್ಲರೂ ಒಳ್ಳೇದಾಯ್ತು ಅಂದ್ರು ಸಾರ್" ಅಂದ ಅಣ್ಣ. ಆ ಎಲ್ಲರಲ್ಲಿ ನಾನಿದ್ದೆ. ಇದ್ದವರಲ್ಲಿ ಓದಿದವಳು ನಾನೊಬ್ಬಳೇ.

ಕೊನೆಯ ತಿಂಗಳು ರಜೆ ಹಾಕಿ ಅವರ ಹತ್ತಿರ ಇದ್ದೆ. ಒಂದು ಮಧ್ಯಾಹ್ನ ಮೈ ಒರೆಸುತ್ತಿದ್ದಾಗ, ಮೂಳೆ ಕೈಗೆ ಸಿಕ್ಕಿ ನಾನು ನಿಲ್ಲಿಸಿದೆ. ಅವರು ನನ್ನ ಮುಖ ನೋಡಿದರು. "ಇಷ್ಟು ವರ್ಷ ನನ್ನ ನೋಡಿ ಹೊಟ್ಟೆಕಿಚ್ಚು ಪಟ್ಟೆ. ಅದು ಸರಿ, ಪಡೋ ಹಾಗೇ ಇದ್ದೆ. ಈಗ ಪಡಬೇಡ ಮಾರಾಯ್ತಿ. ಇದರಲ್ಲಿ ಏನೂ ಇಲ್ಲ" ಅಂದರು. ನಾನು ನೀರು ಬದಲಾಯಿಸುವ ನೆಪದಲ್ಲಿ ಬಕೆಟ್ ತೆಗೆದುಕೊಂಡು ಹೊರಗೆ ಹೋದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಫೋಟೊ ದೊಡ್ಡದು ಮಾಡಿಸಬೇಕಿತ್ತು. ದೀಪಾವಳಿಯದು ಇರಲಿ, ಮುಖ ತೆಳ್ಳಗೆ ಚೆನ್ನಾಗಿ ಬಂದಿದೆ ಎಂದರು ನೆಂಟರು. ಬೇಡ ಎಂದೆ. ಗಾಜನೂರು ಡ್ಯಾಮಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ತೆಗೆದ ಒಂದು ಫೋಟೊ ನನ್ನ ಹತ್ತಿರ ಇತ್ತು. ಗಾಳಿಗೆ ಸೆರಗು ಹಾರಿ, ದಪ್ಪ ತೋಳು ಕಾಣುತ್ತ, ಸೊಂಟದ ಮೇಲೆ ಕೈಯಿಟ್ಟು ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದರು. ಅದನ್ನು ಸ್ಟುಡಿಯೋಕ್ಕೆ ಒಯ್ದೆ. ಅವನು ಕಂಪ್ಯೂಟರಿನಲ್ಲಿ ಹಾಕಿ, "ತೋಳು, ಸೊಂಟ ಸ್ವಲ್ಪ ಕಡಿಮೆ ಮಾಡ್ಲಾ ಮೇಡಂ? ಈಗ ಎಲ್ಲ ಆಗುತ್ತೆ" ಅಂದ.

"ಅವರನ್ನು ಮುಟ್ಟಬೇಡಿ. ಇದ್ದಷ್ಟೂ ಇರಲಿ."

"ಸರಿ. ಇಲ್ಲಿ ಹಿಂದೆ ಯಾರೋ ಅವಿತುಕೊಂಡಿದಾರೆ ನೋಡಿ, ಅರ್ಧ ಮುಖ ಬಂದಿದೆ. ಇವರನ್ನ ತೆಗೆದುಬಿಡ್ಲಾ?"

ಅದು ನಾನು. ಫೋಟೊದಲ್ಲಿ ದಪ್ಪ ಕಾಣಬಾರದೆಂದು ಅವರ ಬೆನ್ನ ಹಿಂದೆ ಸರಿದು ನಿಂತಿದ್ದೆ. ತೆಗೆಯಿರಿ ಎಂದೆ. ಅವನು ತೆಗೆದ. ಅಣ್ಣನ ಮನೆಯ ಗೋಡೆಯ ಮೇಲೆ ಈಗ ಅತ್ತಿಗೆ ಚೌಕಟ್ಟಿನ ಎರಡೂ ಅಂಚಿಗೆ ತಾಗಿ ನಿಂತಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ಹೂವು ಏರಿಸುತ್ತೇನೆ, ಮನೆಯ ಊಟ ಹೊಟ್ಟೆ ತುಂಬ ಮಾಡುತ್ತೇನೆ, ಮತ್ತು ಆ ನಿಲುವನ್ನು ನೋಡಿ ಹೊಟ್ಟೆಕಿಚ್ಚುಪಡುತ್ತೇನೆ. ನನಗೀಗ ಐವತ್ತು ದಾಟಿದೆ. ಹಾಗೆ ನಿಂತ ನನ್ನದೊಂದು ಫೋಟೊ ಇನ್ನೂ ಇಲ್ಲ.